ಕೊನೆಯ ಹತ್ತು ದಿನ

ಮಕ್ಕಳು ಬೇಸಿಗೆ ರಜೆಯನ್ನು ಹೇಗೆ ಕಳೆಯಬೇಕು ಎಂದು ಕೇಳುವ ಪೋಷಕರು ಪ್ರತಿ ವರ್ಷ ಮಾರ್ಚ್ ತಿಂಗಳಿಗೇ ತಯಾರಾಗಿರುತ್ತಾರೆ. ಶಿಬಿರಕ್ಕೆ ಸೇರಿಸಬೇಕೇ, ಕಂಪ್ಯೂಟರ್ ಕ್ಲಾಸಿಗೆ ಕಳಿಸಬೇಕೇ, ಮುಂದಿನ ವರ್ಷದ ಪಾಠವನ್ನು ಈಗಲೇ ಶುರು ಮಾಡಿಸಬೇಕೇ ಎಂದು ವಿಚಾರಿಸುತ್ತಾರೆ. ಬೇಸಿಗೆಯನ್ನು ಮುಗಿಸುವುದು ಹೇಗೆ ಎಂದು ಮಾತ್ರ ಇದುವರೆಗೆ ಒಬ್ಬರೂ ಕೇಳಿಲ್ಲ. ರಜೆ ತಾನಾಗಿಯೇ ಮುಗಿಯುತ್ತದೆ, ಅದರಲ್ಲಿ ಕೇಳುವುದೇನಿದೆ ಎಂದು ನೀವು ಅನ್ನಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹೋದ ವರ್ಷ ಜೂನ್ ತಿಂಗಳಲ್ಲಿ ಲಕ್ಕವಳ್ಳಿಗೆ ಹೋಗಿ ಬಂದ ಮೇಲೆ ಆ ಅಭಿಪ್ರಾಯ ಬದಲಾಯಿತು.

ಜೂನ್ ಮೊದಲ ವಾರ ತರೀಕೆರೆಯಿಂದ ಹಳೆಯ ಪರಿಚಯದವರೊಬ್ಬರು ಫೋನ್ ಮಾಡಿದರು. ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಆ ಊರಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರ ತಮ್ಮ ನನ್ನ ವಿದ್ಯಾರ್ಥಿಯಾಗಿದ್ದ.

"ಮೇಷ್ಟ್ರೇ, ನಾಳೆ ಬಿಡುವು ಮಾಡ್ಕೊಳ್ಳಿ. ಲಕ್ಕವಳ್ಳಿಗೆ ಹೋಗಿ ಮಗನ್ನ ಕರ್ಕೊಂಡು ಬರ್ಬೇಕು. ನಾನೊಬ್ನೇ ಹೋದ್ರೆ ಜಗಳ ಆಗುತ್ತೆ. ನೀವಿದ್ರೆ ಮಾತು ಕೇಳ್ತಾನೆ" ಎಂದರು.

ಮರುದಿನ ಬೀರೂರಿನಿಂದ ಬೆಳಗಿನ ರೈಲು ಹಿಡಿದು ತರೀಕೆರೆಗೆ ಹೋದೆ. ಅಲ್ಲಿಂದ ಅವರ ಕಾರಿನಲ್ಲಿ ಲಕ್ಕವಳ್ಳಿಯ ದಾರಿ. ಎರಡೂ ಕಡೆ ಅಡಿಕೆ ತೋಟ, ನಡುನಡುವೆ ತೆಂಗು, ಗದ್ದೆ. ದಾರಿಯುದ್ದಕ್ಕೂ ಯಜಮಾನರು ಮಗನ ಕಥೆ ಹೇಳಿದರು.

ಹುಡುಗ ದಡ್ಡನಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿತ್ತು. ಎಂಜಿನಿಯರಿಂಗ್ ಸೇರಿಸಿದರು. ಒಂದು ವರ್ಷ ತುಂಬುವ ಮೊದಲೇ ಪೆಟ್ಟಿಗೆ ಹೊತ್ತು ಮನೆಗೆ ಬಂದ. ಕಟ್ಟಿದ ಶುಲ್ಕ ಹೋಯಿತು. ಅದಕ್ಕೂ ಹಿಂದೆ ತಬಲಾ ಕಲಿಯಲು ಹೋಗಿ ಆರು ತಿಂಗಳಿಗೆ ಬಿಟ್ಟಿದ್ದ. ಕರಾಟೆ ಸೇರಿ ಹಳದಿ ಪಟ್ಟಿಗೇ ಸಾಕು ಮಾಡಿದ್ದ. ಎಂಜಿನಿಯರಿಂಗ್ ಬಿಟ್ಟ ಮೇಲೆ ಕೆಲವು ತಿಂಗಳು ಮನೆಯಲ್ಲಿ ಫೋನ್ ಹಿಡಿದುಕೊಂಡು ಮಲಗಿದ್ದ. ಏಪ್ರಿಲ್ ಬರುತ್ತಿದ್ದಂತೆ, ಗೆಳೆಯನೊಬ್ಬ ಹೇಳಿದನೆಂದು, ಲಕ್ಕವಳ್ಳಿಯ ಹಿನ್ನೀರಿನ ದಂಡೆಯ ಒಂದು ವಸತಿಧಾಮಕ್ಕೆ ಬೇಸಿಗೆಯ ಮಟ್ಟಿಗೆ ಕೆಲಸಕ್ಕೆ ಸೇರಿಕೊಂಡ. ವಯಸ್ಸು ಹತ್ತೊಂಬತ್ತು. ತಿಂಗಳಿಗೆ 12,000 ರೂಪಾಯಿ. ಊಟ, ವಸತಿ ಅಲ್ಲಿಯೇ. ಆ ವಸತಿಧಾಮದ ಹೆಸರು ಬೇಡ.

"ನಮ್ಮ ಅಂಗಡೀಲಿ ನಾಲ್ಕು ಜನ ಕೆಲಸಕ್ಕಿದಾರೆ. ನನ್ನ ಮಗ ಹೋಗಿ ಇನ್ನೊಬ್ರ ತಟ್ಟೆ ಎತ್ತುತಾನೆ. ನೆಂಟರು ಕೇಳಿದ್ರೆ ಟ್ರೈನಿಂಗ್ ಅಂತ ಹೇಳಿದೀನಿ" ಎಂದರು ಯಜಮಾನರು.

ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: "ಬಿ.ಎಸ್ಸಿ. ಅಡ್ಮಿಷನ್ ಶುರುವಾಗಿದೆ. ಬಾ ಅಂದ್ರೆ ಇನ್ನು ಹತ್ತು ದಿನ ಇದೆ, ಮುಗಿಸಿ ಬರ್ತೀನಿ ಅಂತಾನೆ. ಹತ್ತು ದಿನ ಮೊದಲೇ ಬಂದ್ರೆ ಏನು ಮುಳುಗಿ ಹೋಗುತ್ತೆ ಹೇಳಿ."

ನನಗೂ ಅವರ ಮಾತೇ ಸರಿ ಅನಿಸಿತು. ಹುಡುಗನಿಗೆ ಹೇಳಬೇಕಾದ ಬುದ್ಧಿಮಾತುಗಳನ್ನು ಮನಸ್ಸಿನಲ್ಲಿಯೇ ಜೋಡಿಸಿಕೊಳ್ಳುತ್ತ ಕುಳಿತೆ.

*

ಲಕ್ಕವಳ್ಳಿಯನ್ನು ನೋಡದವರಿಗೆ ಅಲ್ಲಿಯ ನೀರಿನ ಲೆಕ್ಕ ಸ್ವಲ್ಪ ಹೇಳಬೇಕು. ಕುದುರೆಮುಖದ ಬೆಟ್ಟಸಾಲಿನ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆಗೆ ಇಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಶುರುವಾದ ಕೆಲಸ 1960ರ ದಶಕದಲ್ಲಿ ಮುಗಿಯಿತು. ತುಂಬಿದಾಗ ನೀರಿನ ಮಟ್ಟ 186 ಅಡಿ. ಶಿವಮೊಗ್ಗ, ದಾವಣಗೆರೆ ಕಡೆಯ ರೈತರು ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ಈ ಮಟ್ಟವನ್ನೇ. ಬೇಸಿಗೆ ಬೆಳೆಗೆ ನಾಲೆಗಳಲ್ಲಿ ನೀರು ಹರಿದಂತೆಲ್ಲ ಜಲಾಶಯ ಇಳಿಯುತ್ತದೆ. ಇಳಿದಂತೆಲ್ಲ ಒಳಗಿದ್ದ ಗುಡ್ಡಗಳ ನೆತ್ತಿಗಳು ಬೋಳು ನಡುಗಡ್ಡೆಗಳಾಗಿ ಮೇಲೆ ಏಳುತ್ತವೆ.

ಆ ನಡುಗಡ್ಡೆಗಳಿಗೆ ಪ್ರತಿ ವರ್ಷ ಬರುವ ಬಾಡಿಗೆದಾರರಿದ್ದಾರೆ. ಕರಿ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲದ ರೀವ ಹಕ್ಕಿಗಳು. ಇಂಗ್ಲಿಷಿನಲ್ಲಿ ರಿವರ್ ಟರ್ನ್. ಸಾವಿರಾರು ಹಕ್ಕಿಗಳು ಬಂದು, ಕಡ್ಡಿ ಕಸದ ಗೂಡನ್ನೂ ಕಟ್ಟದೆ, ಬರಿ ನೆಲದಲ್ಲಿ ಸಣ್ಣ ಗುಳಿ ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತವೆ. ಸುತ್ತ ನೀರಿರುವುದರಿಂದ ನರಿ, ನಾಯಿಗಳ ಭಯ ಕಡಿಮೆ. ನೀರಿನಲ್ಲಿ ಮೀನಿಗೆ ಬರವಿಲ್ಲ. ಜಂಗಲ್ ಲಾಡ್ಜಸ್ ಸಂಸ್ಥೆ ಲಕ್ಕವಳ್ಳಿಯ ತನ್ನ ವಸತಿಧಾಮಕ್ಕೆ ಈ ಹಕ್ಕಿಯ ಹೆಸರನ್ನೇ ಇಟ್ಟಿದೆ.

ಆದರೆ ಬಾಡಿಗೆಗೆ ಅವಧಿ ಇದೆ. ಜೂನ್ ತಿಂಗಳಲ್ಲಿ ಘಟ್ಟದ ಮೇಲೆ ಮಳೆ ಹಿಡಿದರೆ ನೀರು ಏರತೊಡಗುತ್ತದೆ. ಅಷ್ಟರೊಳಗೆ ಮರಿ ರೆಕ್ಕೆ ಬಲಿತು ಹಾರಬೇಕು. ತಡವಾಗಿ ಇಟ್ಟ ಮೊಟ್ಟೆಗಳನ್ನು ನೀರು ಕಾಯುವುದಿಲ್ಲ.

*

ನಾವು ಹೋದಾಗ ಹುಡುಗ ದೋಣಿ ಕಟ್ಟುವ ಕಟ್ಟೆಯ ಮೇಲೆ ಲೈಫ್ ಜಾಕೆಟ್ಟುಗಳನ್ನು ಹರಡಿಕೊಂಡು ಕುಳಿತಿದ್ದ. ಬಿಸಿಲಿಗೆ ಕಪ್ಪಾಗಿದ್ದ. ತಂದೆಯನ್ನು ನೋಡಿ ಎದ್ದು ನಿಂತ. ನನಗೆ ನಮಸ್ಕಾರ ಹೇಳಿದ. ಬಂದ ಕಾರಣ ಅವನಿಗೆ ಗೊತ್ತಿತ್ತು.

"ಅಪ್ಪ, ಅಡ್ಮಿಷನ್ನಿಗೆ ಒಂದು ದಿನ ರಜಾ ಕೇಳಿದೀನಿ. ಬುಧವಾರ ಬಂದು ಸರ್ಟಿಫಿಕೇಟ್ ಎಲ್ಲಾ ಕೊಟ್ಟು, ಸಂಜೆ ಬಸ್ಸಿಗೆ ವಾಪಸ್ ಬರ್ತೀನಿ" ಎಂದ.

"ವಾಪಸ್ ಯಾಕೆ? ಇಲ್ಲಿ ಏನಿದೆ?"

ಹುಡುಗ ಉತ್ತರ ಹೇಳಲಿಲ್ಲ. ತಂದೆಯ ಮುಖ ಕೆಂಪಾಯಿತು. ಮಾತು ಬೆಳೆಯುವುದು ಬೇಡವೆಂದು ನಾನು "ಮೊದಲು ಕಾಫಿ ಕುಡಿಯೋಣ" ಎಂದೆ.

ಊಟದ ಮನೆಯ ಗೋಡೆಯಲ್ಲಿ ಹಳೆಯ ಕಾಲದ ಒಂದು ಚಿತ್ರ ತೂಗು ಹಾಕಿದ್ದರು. ಸತ್ತ ಹುಲಿಯ ಮೇಲೆ ಕಾಲಿಟ್ಟು ಬಂದೂಕು ಹಿಡಿದು ನಿಂತ ಒಬ್ಬ ದೊರೆ, ಹಿಂದೆ ಹಳ್ಳಿಯ ಜನ. ನಮ್ಮ ನಾಡಿನ ಕಾಡಿನ ವಸತಿಗಳಲ್ಲಿ ಕೆಲವಕ್ಕೆ ಇಂಥ ಪೂರ್ವಾಶ್ರಮ ಇದೆ. ಕಬಿನಿಯ ದಂಡೆಯ ಕಾರಾಪುರದಲ್ಲಿ ಮೈಸೂರು ಮಹಾರಾಜರ ಬೇಟೆ ಬಂಗಲೆ ಇತ್ತು. ಆನೆ ಹಿಡಿಯುವ ಖೆಡ್ಡಾ ನೋಡಲು ದೊಡ್ಡ ದೊಡ್ಡವರೆಲ್ಲ ಅಲ್ಲಿ ಬಂದು ಇಳಿಯುತ್ತಿದ್ದರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಯ ಕಾಲ ಮುಗಿಯಿತು. ಬಂಗಲೆಗಳು ಉಳಿದವು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ಕಾರಾಪುರದ ಹಳೆಯ ಕಟ್ಟಡಗಳಲ್ಲಿ ಪ್ರಾಣಿಗಳನ್ನು ನೋಡಲು ಬರುವವರಿಗೆ ಜಾಗ ಮಾಡಿತು. ಅಲ್ಲಿ ಬಹುಕಾಲ ಅತಿಥಿಗಳ ಮನೆಯ ಹಿರಿಯನಂತೆ ಇದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಕೂಡ ಪ್ರಾಯದಲ್ಲಿ ಬೇಟೆಗಾರರೇ. 2010ರಲ್ಲಿ ತೀರಿಕೊಳ್ಳುವವರೆಗೂ ಕಾಡಿನ ಜೀವಗಳ ಕಥೆ ಹೇಳುತ್ತ ಅಲ್ಲಿಯೇ ಇದ್ದರು.

ಲಕ್ಕವಳ್ಳಿಯ ಕಾಡಿಗೂ ಹಾಗೆಯೇ ಕಾಲ ಬದಲಾಯಿತು. ಮುತ್ತೋಡಿಯ ಕಡೆ 1951ರಲ್ಲೇ ಇದ್ದ ಅಭಯಾರಣ್ಯಕ್ಕೆ 1974ರಲ್ಲಿ ಲಕ್ಕವಳ್ಳಿಯ ಕಾಡನ್ನೂ ಸೇರಿಸಿ ಭದ್ರಾ ಎಂದು ಹೆಸರಿಟ್ಟರು. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಕಾಡಿನ ಒಳಗಿದ್ದ ಹಳ್ಳಿಗಳ ಜನ 2001–02ರ ಸುಮಾರಿಗೆ ಹೊರಬಂದು, ಹಲವರು ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ವಸತಿಧಾಮದ ದೋಣಿ ನಡೆಸುವ ಅಜ್ಜ ಅಂಥ ಒಂದು ಮನೆಯವರು. ನಮ್ಮ ಕಾಫಿಯ ಹೊತ್ತಿಗೆ ಅವರೂ ಬಂದು ಜಗಲಿಯಲ್ಲಿ ಕುಳಿತರು.

"ನಮ್ಮಪ್ಪ ಇದೇ ಹೊಳೇಲಿ ಗಾಳ ಹಾಕ್ತಿದ್ರು, ಕೂಣಿ ಇಡ್ತಿದ್ರು. ಕಾಡ್ನಾಗೆ ಉರುಳೂ ಒಡ್ತಿದ್ರು ಅನ್ನಿ. ನಾನು ಬಂದೋರಿಗೆ ತೋರಿಸ್ತೀನಿ. ಅಷ್ಟೇ ವ್ಯತ್ಯಾಸ" ಎಂದು ನಕ್ಕರು.

ಯಜಮಾನರು ನೇರವಾಗಿ ಕೇಳಿದರು: "ನಮ್ಮ ಹುಡುಗ ಹತ್ತು ದಿನ ಮೊದಲು ಹೋದ್ರೆ ನಿಮಗೆ ತೊಂದರೆಯೇ?"

"ಏನೂ ತೊಂದ್ರೆ ಇಲ್ಲ ಯಜಮಾನ್ರೇ. ಪ್ರತಿ ವರ್ಷ ಎಲ್ರೂ ಹಂಗೇ ಹೋಗೋದು" ಎಂದರು ಅಜ್ಜ. "ಆ ಪುಸ್ತಕ ಒಂದು ನೋಡಿ."

*

ಆ ಪುಸ್ತಕ ಕಚೇರಿಯ ಮೇಜಿನ ಮೇಲಿತ್ತು. ರಟ್ಟಿನ ಹೊದಿಕೆಯ ದೊಡ್ಡ ರಿಜಿಸ್ಟರ್. ಬೆಳಿಗ್ಗೆ ದೋಣಿ ಹೋಗಿ ಬಂದ ಮೇಲೆ ಅಂದು ಕಂಡದ್ದನ್ನು ಬರೆಯಬೇಕು. ತಾರೀಕು, ಹೊತ್ತು, ನೀರಿನ ಮಟ್ಟ, ಆನೆ ಎಷ್ಟು, ಕಾಟಿ ಎಷ್ಟು, ಯಾವ ನಡುಗಡ್ಡೆಯಲ್ಲಿ ರೀವ ಎಷ್ಟು. ಬರೆಯುವ ಕೆಲಸ ಬೇಸಿಗೆಗೆ ಬರುವ ಹುಡುಗರದು.

ಹಿಂದಿನ ವರ್ಷಗಳ ಪುಟಗಳನ್ನು ತಿರುವಿ ಹಾಕಿದೆ. ಎಲ್ಲ ವರ್ಷವೂ ಏಪ್ರಿಲ್ ಮೊದಲ ವಾರ ಮುತ್ತಿನಂಥ ಅಕ್ಷರ. ಮೇ ತಿಂಗಳಲ್ಲಿ ಅಕ್ಷರ ಓಡತೊಡಗುತ್ತದೆ. ಮೇ ಇಪ್ಪತ್ತರ ಸುಮಾರಿಗೆ "ನಿನ್ನೆಯಂತೆಯೇ" ಎಂಬ ಒಂದೇ ಮಾತು. ಆಮೇಲೆ ಖಾಲಿ. ಒಂದು ವರ್ಷವಾದರೂ ಜೂನ್ ತಿಂಗಳಿನ ಪುಟ ತುಂಬಿರಲಿಲ್ಲ. ಮಳೆಗೆ ಮುಂಚೆ ಹಕ್ಕಿಗಳು ಯಾವ ದಿನ ಹೋದವು, ಎಷ್ಟು ಮರಿ ಹಾರಿದವು, ನಡುಗಡ್ಡೆ ಯಾವ ದಿನ ಮುಳುಗಿತು ಎಂಬುದು ಎಲ್ಲಿಯೂ ಇಲ್ಲ. ನೋಡಬೇಕಾದ ಘಟನೆ ನಡೆಯುವ ಹೊತ್ತಿಗೆ ನೋಡುವವನು ಮನೆಗೆ ಹೋಗಿರುತ್ತಿದ್ದ.

ಈ ಹುಡುಗನ ಪುಟಗಳು ಹಿಂದಿನ ದಿನದವರೆಗೂ ಇದ್ದವು. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಒಂದು ದಿನವೂ ತಪ್ಪಿರಲಿಲ್ಲ.

ಇದೇನು ಮಹಾ ಕೆಲಸ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಂಥದೇ ಒಂದು ಪುಸ್ತಕದ ಕಥೆ ಹೇಳುತ್ತೇನೆ. ಅದು ಕಾವೇರಿಯದು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಮೀನು ಶಿಕಾರಿಯ ಶಿಬಿರಗಳಿದ್ದವು. ಆ ಹೊಳೆಯ ಮಹಶೀರ್ ಮೀನು ಜಗತ್ತಿನಲ್ಲೆಲ್ಲ ಹೆಸರು ಮಾಡಿತ್ತು. ದಂಡೆಯ ಜನ ಅದನ್ನು ಬಿಳಿಮೀನು ಅನ್ನುತ್ತಾರೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಶಿಬಿರಗಳ ಕಾಲದಲ್ಲಿ ನಿಯಮ ಬೇರೆಯಾಗಿತ್ತು. ಹಿಡಿದ ಮೀನನ್ನು ತೂಗಿ, ಮತ್ತೆ ಹೊಳೆಗೆ ಬಿಡಬೇಕು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೂ ಅತಿಥಿಗಳಿಗೆ ದಾರಿ ತೋರಿಸುವ ಕೆಲಸ ಸಿಕ್ಕಿತ್ತು. ಈ ದಂಡೆ ಅಭಯಾರಣ್ಯಕ್ಕೆ ಸೇರಿದ್ದರಿಂದ ಕಾಯ್ದೆಯ ಪ್ರಶ್ನೆ ಎದ್ದು, 2010ರ ನಂತರದ ಒಂದೆರಡು ವರ್ಷಗಳಲ್ಲಿ ಗಾಳ ಹಾಕುವುದು ನಿಂತಿತು.

ಗಾಳಿಬೋರೆಯಲ್ಲಿ ಉಳಿದದ್ದು ಒಂದು ಲೆಕ್ಕದ ಪುಸ್ತಕ. 1998ರಿಂದ 2012ರವರೆಗೆ ಯಾರು, ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕ ಎಷ್ಟು ಎಂದು ಬರೆದಿಟ್ಟದ್ದು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ಬರೆದವರು ಅದನ್ನು ವಿಜ್ಞಾನವೆಂದು ಬರೆಯಲಿಲ್ಲ. ವಿಜ್ಞಾನಿಗಳು ಅದನ್ನು ಸಾಲುಸಾಲಾಗಿ ಓದಿ 2015ರಲ್ಲಿ ಪ್ರಕಟಿಸಿದಾಗ ಗೊತ್ತಾದದ್ದು ಇದು: ಸಿಗುವ ಮೀನಿನ ಸಂಖ್ಯೆ ಹೆಚ್ಚುತ್ತ ಹೋಗಿತ್ತು, ಆದರೆ ಆ ಹೆಚ್ಚಳ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರಿನದು. ಕಾವೇರಿಯ ಸ್ವಂತ ಮೀನು, ಬೆನ್ನು ಗೂನಾಗಿರುವ ದೊಡ್ಡ ಮಹಶೀರ್, ಕರಗುತ್ತ ಹೋಗಿತ್ತು. ವಿಚಿತ್ರವೆಂದರೆ ಅಷ್ಟು ಪ್ರಸಿದ್ಧವಾದ ಆ ಮೀನಿಗೆ ಆಗ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದ ಪಾಂಬಾರಿನಲ್ಲಿ 2007ರಲ್ಲಿ ಗುರುತಿಸಿ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದ ಮೀನೇ ಇದು ಎಂದು ತಿಳಿದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ದಿನಗಟ್ಟಲೆ ಬಿಸಿಲಿನಲ್ಲಿ ಕುಳಿತು ಸುಸ್ತಾದ ಯಾರೋ ಒಬ್ಬ, ಸಂಜೆ ಕೈ ತೊಳೆದುಕೊಳ್ಳುವ ಮೊದಲು ಬರೆದ ಒಂದು ಸಾಲು. ಅಂಥ ಸಾವಿರಾರು ಸಾಲು ಸೇರಿ ಒಂದು ಹೊಳೆಯ ಕಥೆ ಆಯಿತು. ಅರ್ಧಕ್ಕೆ ನಿಲ್ಲಿಸಿದ ಪುಸ್ತಕಗಳಾಗಿದ್ದರೆ ಆಗುತ್ತಿರಲಿಲ್ಲ.

*

ನಾನು ರಿಜಿಸ್ಟರ್ ನೋಡುತ್ತಿದ್ದಾಗ ಯಜಮಾನರು ಮಗನ ಸಂಬಳದ ಲೆಕ್ಕ ವಿಚಾರಿಸುತ್ತಿದ್ದರು. ಅದರಲ್ಲಿ 4,000 ರೂಪಾಯಿ ಕಡಿತವಾಗಿತ್ತು.

"ಯಾಕೆ?"

"ಮೇ ತಿಂಗಳಲ್ಲಿ ನನ್ನ ಕೈಯಿಂದ ಒಂದು ದುರ್ಬೀನು ನೀರಿಗೆ ಬಿತ್ತು" ಎಂದ ಹುಡುಗ. "ಯಾರೂ ನೋಡಿರ್ಲಿಲ್ಲ. ಒಬ್ರು ಅತಿಥಿಗಳು, ನಮ್ಮಿಂದ ಬಿತ್ತು ಅಂತ ಹೇಳಿಬಿಡು, ನಮ್ಮನ್ನ ಏನೂ ಮಾಡಲ್ಲ ಅಂದ್ರು. ನಾನೇ ಹೇಳ್ದೆ. ಅರ್ಧ ದುಡ್ಡು ಹಿಡಿದ್ರು."

ತಂದೆ ಬಾಯಿ ತೆರೆದವರು ಹಾಗೆಯೇ ಮುಚ್ಚಿದರು. ಬೈಯಬೇಕೋ ಹೊಗಳಬೇಕೋ ತಿಳಿಯದ ಮುಖ.

ನಾವು ಮತ್ತೆ ಕಟ್ಟೆಗೆ ಬಂದೆವು. ಹುಡುಗ ಜಾಕೆಟ್ಟುಗಳ ಎಣಿಕೆ ಮುಂದುವರಿಸಿದ. ಮಳೆ ಹಿಡಿದು ದೋಣಿ ನಿಲ್ಲಿಸುವ ಮೊದಲು ಎಲ್ಲವನ್ನೂ ಎಣಿಸಿ ಒಪ್ಪಿಸಬೇಕು. ಜಾಕೆಟ್ಟು ಒಣಗಿಸಿ, ಬಕಲ್ ಹರಿದದ್ದನ್ನು ಬೇರೆ ಇಡಬೇಕು. ದುರ್ಬೀನುಗಳ ಗಾಜಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒರೆಸಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಸೊಳ್ಳೆ ಪರದೆ, ಹೊದಿಕೆ, ಟಾರ್ಚು, ಹಕ್ಕಿಗಳ ಪುಸ್ತಕ, ಅಡುಗೆ ಮನೆಯ ಪಾತ್ರೆ, ಎಲ್ಲಕ್ಕೂ ಪಟ್ಟಿ. ಆತ ಜಾಕೆಟ್ಟುಗಳನ್ನು ಒಂದೊಂದಾಗಿ ಎಣಿಸುತ್ತ, ನಡುವೆ ಅಜ್ಜ ಏನೋ ಕೇಳಿದಾಗ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಯಜಮಾನರು ಎರಡು ಸಲ ನೋಡಿದರು. ಮೂರನೆಯ ಸಲ ತಡೆಯಲಾಗಲಿಲ್ಲ.

"ಹಂಗಲ್ಲೋ. ಐದೈದು ಕಟ್ಟು ಮಾಡು. ಕಟ್ಟು ಎಣಿಸು. ಪಟ್ಟಿ ಕೈಲಿ ಹಿಡ್ಕೊಂಡು ಎಣಿಸ್ಬಾರ್ದು. ಮೊದಲು ಎಣಿಸಿ ಆಮೇಲೆ ಪಟ್ಟಿ ನೋಡು. ಇಲ್ದಿದ್ರೆ ಕಣ್ಣಿಗೆ ಪಟ್ಟಿಯಲ್ಲಿರೋ ಸಂಖ್ಯೆನೇ ಕಾಣುತ್ತೆ."

ಹೇಳುತ್ತ ಹೇಳುತ್ತ ಪಂಚೆ ಎತ್ತಿ ಕಟ್ಟಿ ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಮೂವತ್ತು ವರ್ಷ ಪ್ರತಿ ಮಾರ್ಚ್ ಕೊನೆಗೆ ಅಂಗಡಿಯ ಮೊಳೆ, ತಿರುಪು, ಬೀಗಗಳ ದಾಸ್ತಾನು ತೆಗೆದವರು ಅವರು. ತಂದೆ ಕಟ್ಟು ಕಟ್ಟಿದರು, ಮಗ ಬರೆದ. ಪಟ್ಟಿಯಲ್ಲಿದ್ದದ್ದು ಇಪ್ಪತ್ತನಾಲ್ಕು, ಸಿಕ್ಕಿದ್ದು ಇಪ್ಪತ್ತಮೂರು. ಇಪ್ಪತ್ತನಾಲ್ಕನೆಯದು ಅಡುಗೆಯವರ ಕೋಣೆಯಲ್ಲಿ ತಲೆದಿಂಬಾಗಿತ್ತು.

ಎಲ್ಲ ಮುಗಿದ ಮೇಲೆ ಹುಡುಗ ತಲೆ ಎತ್ತದೆಯೇ ಹೇಳಿದ: "ಅಪ್ಪ, ನಾನು ಇವತ್ತಿನವರೆಗೆ ಏನನ್ನೂ ಮುಗಿಸಿಲ್ಲ. ನಿಮಗೂ ಗೊತ್ತು. ಇದೊಂದು ಮುಗಿಸಿ ಬರ್ತೀನಿ."

ಯಜಮಾನರು ನೀರು ನೋಡುತ್ತ ಕುಳಿತರು. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೇ ಇದ್ದುಬಿಡ್ತಾನೇನೋ, ಕಾಲೇಜಿಗೆ ವಾಪಸ್ ಬರೋದೇ ಇಲ್ವೇನೋ ಅಂತ ನನಗೆ ಭಯ ಇತ್ತು ಮೇಷ್ಟ್ರೇ" ಎಂದು ಮೆಲ್ಲಗೆ ಹೇಳಿದರು. ಅಲ್ಲಿಯವರೆಗೆ ಸಿಟ್ಟು ಎಂದು ನಾನು ತಿಳಿದದ್ದು ಭಯವಾಗಿತ್ತು. ನಾನು ಜೋಡಿಸಿಕೊಂಡು ಹೋಗಿದ್ದ ಬುದ್ಧಿಮಾತುಗಳಲ್ಲಿ ಒಂದನ್ನೂ ಆಡಲಿಲ್ಲ.

ಸಂಜೆ ಅಜ್ಜ ನಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋದರು. ದೊಡ್ಡ ನಡುಗಡ್ಡೆಯ ಅಂಚಿನಲ್ಲಿ ನೀರು ಹಿಂದಿನ ದಿನಕ್ಕಿಂತ ಅರ್ಧ ಅಡಿ ಏರಿತ್ತು. ದೋಣಿಯನ್ನು ದೂರದಲ್ಲೇ ನಿಲ್ಲಿಸಿದರು. ಹತ್ತಿರ ಹೋದರೆ ಹಕ್ಕಿಗಳು ಎದ್ದುಬಿಡುತ್ತವೆ. ಬಿಸಿಲಿಗೆ ಮೊಟ್ಟೆ, ಮರಿ ಬೇಯುತ್ತವೆ. ಫೋಟೋ ತೆಗೆಯಲು ನಡುಗಡ್ಡೆಗೆ ಇಳಿಸು ಎಂದು ಹಟ ಹಿಡಿದ ಒಬ್ಬರಿಗೆ ಹುಡುಗ ಆಗುವುದಿಲ್ಲ ಎಂದು ಹೇಳಿ ಬೈಸಿಕೊಂಡಿದ್ದನ್ನು ಅಜ್ಜ ವರ್ಣಿಸಿದರು. ನೀರಿನಂಚಿನಲ್ಲಿ ಬೂದು ಬಣ್ಣದ ಮರಿಗಳು ಓಡಾಡುತ್ತಿದ್ದವು. ಕೆಲವು ಆಗಲೇ ರೆಕ್ಕೆ ಬಡಿದು ಎರಡು ಮಾರು ಹಾರಿ ಕೂರುತ್ತಿದ್ದವು. ಯಜಮಾನರು ಏನೂ ಮಾತಾಡಲಿಲ್ಲ. ಇಳಿಯುವಾಗ ಮಾತ್ರ, "ಆ ಮೂಲೇಲಿರೋ ಮೊಟ್ಟೆ ಏನಾಗುತ್ತೆ?" ಎಂದು ಕೇಳಿದರು.

"ಎಲ್ಲಾ ಉಳಿಯಲ್ಲ ಅಪ್ಪ" ಎಂದ ಹುಡುಗ.

ಆ ರಾತ್ರಿ ನಾವಿಬ್ಬರೇ ತರೀಕೆರೆಗೆ ಮರಳಿದೆವು.

*

ಹುಡುಗ ಬುಧವಾರ ಬಂದು ಬಿ.ಎಸ್ಸಿ.ಗೆ ಸೇರಿ, ಹೇಳಿದಂತೆ ಸಂಜೆಯ ಬಸ್ಸಿಗೆ ಹಿಂದಿರುಗಿದ. ಜೂನ್ ಎರಡನೆಯ ವಾರ ಮಳೆ ಜೋರಾಯಿತು. ಹದಿನಾರನೆಯ ತಾರೀಕು ಮನೆಗೆ ಬಂದ. ಕೈಯಲ್ಲಿ ಸಂಬಳದ ಹಣ, ಮತ್ತು ರಿಜಿಸ್ಟರಿನ ಕೊನೆಯ ಪುಟದ ಒಂದು ಜೆರಾಕ್ಸ್ ಪ್ರತಿ. ಅದರ ಕೊನೆಯ ಸಾಲುಗಳು ಹೀಗಿವೆ: "ಜೂನ್ 15. ದೊಡ್ಡ ನಡುಗಡ್ಡೆ ಕಾಣಲಿಲ್ಲ. ರೀವ ಇಲ್ಲ. ದೋಣಿ ಮೇಲೆಳೆದೆವು. ಸಾಮಾನು ಪಟ್ಟಿಯಂತೆ ಒಪ್ಪಿಸಿದ್ದೇನೆ." ಕೆಳಗೆ ಅವನ ಸಹಿ, ಪಕ್ಕದಲ್ಲಿ ಅಜ್ಜನ ಹೆಬ್ಬೆಟ್ಟು. ಅಜ್ಜನಿಗೆ ಸಹಿ ಹಾಕಲು ಬರುತ್ತದೆ. ಆ ದಿನ ಕೈ ಒದ್ದೆಯಾಗಿತ್ತಂತೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಹುಡುಗ ರ‍್ಯಾಂಕ್ ಬಂದ ಎಂದು ಬರೆದರೆ ಓದುವವರಿಗೆ ಸಂತೋಷವಾಗುತ್ತದೆ. ಹಾಗೇನೂ ಆಗಿಲ್ಲ. ಮೊದಲ ಸೆಮಿಸ್ಟರಿನಲ್ಲಿ ರಸಾಯನಶಾಸ್ತ್ರ ಕೈಕೊಟ್ಟಿದೆ. ಮತ್ತೆ ಕಟ್ಟಿದ್ದಾನೆ. ಕಾಲೇಜು ಬಿಟ್ಟಿಲ್ಲ. ಯಜಮಾನರ ಪ್ರಕಾರ ಅದೇ ದೊಡ್ಡ ಸುದ್ದಿ.

ಈ ರಜೆಯಲ್ಲಿ ಎಲ್ಲೋ ಒಂದು ಕಡೆ ದುಡಿಯುತ್ತಿರುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ಸೇರುವ ದಿನವೇ ಬಿಡುವ ದಿನವನ್ನೂ ಹೇಳಿ. ಹೇಳಿದ ದಿನದವರೆಗೆ ಇರಿ. ನಿಮ್ಮ ಕೈಗೆ ಬಂದ ಸಾಮಾನನ್ನು ಎಣಿಸಿ ಪಡೆಯಿರಿ, ಎಣಿಸಿ ಒಪ್ಪಿಸಿ, ಇಬ್ಬರ ಸಹಿಯೂ ಇರಲಿ. ಮುರಿದದ್ದು, ಕಳೆದದ್ದು ಇದ್ದರೆ ಇನ್ನೊಬ್ಬರು ಕಂಡುಹಿಡಿಯುವ ಮೊದಲು ನೀವೇ ಹೇಳಿ. ಮುಂದೆ ಆ ಜಾಗಕ್ಕೆ ಬರುವ ಹುಡುಗನಿಗೆ ಒಂದು ಪುಟ ಬರೆದಿಡಿ: ಯಾವ ಬೀಗ ಸಡಿಲ, ಯಾವ ಮೋಟಾರು ಮೊಂಡು, ಯಾರನ್ನು ಏನು ಕೇಳಬೇಕು. ಸಂಬಳದ ಲೆಕ್ಕವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಸಂಕೋಚ ಬೇಡ.

ಪೋಷಕರಿಗೂ ಒಂದೆರಡು ಮಾತು. ಇದು ಕಾಲೇಜು ವಯಸ್ಸಿನವರ ವಿಷಯ ಎಂಬುದನ್ನು ಮರೆಯಬೇಡಿ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಕಾಯ್ದೆಗೆ ವಿರುದ್ಧ. 18 ತುಂಬುವವರೆಗೆ ಅಪಾಯದ ಕೆಲಸಗಳಿಗೆ ಕಳಿಸುವಂತಿಲ್ಲ. ನೀರು, ಕಾಡು ಇರುವ ಕಡೆ ಮಗ ಅಥವಾ ಮಗಳು ಹೋಗುವುದಾದರೆ ನೀವೇ ಒಮ್ಮೆ ಹೋಗಿ ಮಲಗುವ ಜಾಗ, ದೋಣಿ, ಜೊತೆಗಿರುವ ಜನರನ್ನು ನೋಡಿ ಬನ್ನಿ. ಆಮೇಲೆ ನಂಬಿ. ಕೊನೆಯಲ್ಲಿ ಮಗ "ಇನ್ನು ಹತ್ತು ದಿನ" ಎಂದರೆ, ಏಕೆ ಎಂದು ಒಮ್ಮೆ ಕೇಳಿ. ನಮ್ಮ ಶಾಲೆಗಳಲ್ಲಿ ಗಂಟೆ ಹೊಡೆದಾಗ ಪಾಠ ನಿಲ್ಲುತ್ತದೆ, ಪರೀಕ್ಷೆ ಬಂದಾಗ ವರ್ಷ ನಿಲ್ಲುತ್ತದೆ. ಒಂದು ಕೆಲಸವನ್ನು ತಾನೇ ಮುಗಿಸಿ, ಒಪ್ಪಿಸಿ, ಕೈ ಒರೆಸಿಕೊಂಡು ಬರುವ ಅಭ್ಯಾಸಕ್ಕೆ ಅಲ್ಲಿ ಅವಕಾಶ ಕಡಿಮೆ. ಅದು ಬೇಸಿಗೆಯಲ್ಲಿ ಸಿಕ್ಕರೆ ತಪ್ಪಿಸಬೇಡಿ.

ಮೊನ್ನೆ ತರೀಕೆರೆಗೆ ಹೋದಾಗ ಅಂಗಡಿಗೆ ಹೋಗಿದ್ದೆ. ಯಜಮಾನರು ದಾಸ್ತಾನು ಪುಸ್ತಕ ತೆಗೆದು ಏನೋ ತೋರಿಸಲು ಹೊರಟಾಗ ಅದರೊಳಗಿನಿಂದ ಆ ಜೆರಾಕ್ಸ್ ಹಾಳೆ ಜಾರಿ ಬಿತ್ತು. ಎತ್ತಿ ಮತ್ತೆ ಅದೇ ಪುಟದಲ್ಲಿಟ್ಟರು.

"ಅಜ್ಜ ಫೋನ್ ಮಾಡಿದ್ರು ಮೇಷ್ಟ್ರೇ" ಎಂದರು. "ಈ ವರ್ಷ ಒಂದು ಹೊಸ ಹುಡುಗ ಬಂದಿದಾನಂತೆ. ಮೇ ಇಪ್ಪತ್ತು ದಾಟಿದ್ರೂ ಇನ್ನೂ ಬರೀತಿದಾನಂತೆ."